ರಾಚ್‌ಡೇಲ್ ಒಲಿಂಪಿಕ್‌ಗೆ ಚಾಸಿ ಎಲ್ಲಿದೆ?

ಈ ಕಾರಿನ ಅಡಿಗೆ ಬಗ್ಗಿ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ: ಚಾಸಿ, ಅಂದರೆ ಕಾರಿನ ಭಾರ ಹೊರುವ ಕೆಳಗಿನ ಚೌಕಟ್ಟು, ಇದಕ್ಕೆ ಇಲ್ಲ. ನೆಲ, ಪಕ್ಕ, ಚಾವಣಿ ಸೇರಿ ಒಂದೇ ಫೈಬರ್‌ಗ್ಲಾಸ್ ಗೂಡು. ಎಂಜಿನ್, ಸಸ್ಪೆನ್ಷನ್ ಭಾರವನ್ನೆಲ್ಲ ಹೊರುವುದೂ ಅದೇ. ಇದಕ್ಕೂ ಮೊದಲು ಹೀಗೆ ಕಟ್ಟಿದ್ದು 1957ರ ಲೋಟಸ್ ಎಲೀಟ್.

ಇದನ್ನು ತಯಾರಿಸಿದ್ದು ಇಂಗ್ಲೆಂಡಿನಲ್ಲಿ, ಆಗ ಲ್ಯಾಂಕಾಶೈರ್‌ಗೆ ಸೇರಿದ್ದ ರಾಚ್‌ಡೇಲ್ ಊರಿನ ಕಂಪನಿ. 1950ರ ದಶಕದಲ್ಲಿ ಅದು ಮಾರುತ್ತಿದ್ದದ್ದು ಮುಖ್ಯವಾಗಿ ಬಾಡಿ. ತಗಡು ತುಕ್ಕು ತಿಂದ ಹಳೇ ಫೋರ್ಡ್‌ನ ಚಾಸಿಯನ್ನೂ 1172 ಸಿಸಿ ಎಂಜಿನ್ನನ್ನೂ ಉಳಿಸಿಕೊಂಡು, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸುವುದು ಆಗಿನ ರೂಢಿ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿದರೆ ಹೊಸ ಕಾರಿನ ಮೇಲೆ ಆಗ ಇದ್ದ ಪರ್ಚೇಸ್ ಟ್ಯಾಕ್ಸ್ ಎಂಬ ತೆರಿಗೆ ಉಳಿಯುತ್ತಿತ್ತು. ರಿಚರ್ಡ್ ಪಾರ್ಕರ್ ವಿನ್ಯಾಸದ ಒಲಿಂಪಿಕ್ 1960ರಲ್ಲಿ ಬಂದು ಆ ಹಳೇ ಚಾಸಿಯ ಹಂಗನ್ನೇ ಕಳಚಿತು. ಮುಂದಿನ ಸಸ್ಪೆನ್ಷನ್ ಮಾರಿಸ್ ಮೈನರ್ ಕಾರಿನದು, ಎಂಜಿನ್ ರೈಲಿ 1.5 ಕಾರಿನದು. 1961ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. 1963ರ ಎರಡನೇ ಮಾದರಿಗೆ 1498 ಸಿಸಿ ಫೋರ್ಡ್ ಕಾರ್ಟಿನಾ ಎಂಜಿನ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ತೆರೆಯುವ ಬಾಗಿಲು ಬಂದವು. ಒಟ್ಟು ತಯಾರಾದದ್ದು ಸುಮಾರು 400.

ಚಾಸಿ ಇಲ್ಲದ ಕಾರನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದು ಬೋಲ್ಟ್ ಕೂತ ಜಾಗಗಳನ್ನು, ಆಮೇಲೆ ಬಣ್ಣ. ಬಿಗಿದ ಬೋಲ್ಟಿನ ಕೆಳಗೆ ರೆಸಿನ್ (ಗಾಜಿನ ನಾರನ್ನು ಹಿಡಿದಿಡುವ ಅಂಟು) ವರ್ಷಗಟ್ಟಲೆ ನಿಧಾನ ಅಮುಕಿಕೊಂಡು ಬೋಲ್ಟ್ ಸಡಿಲವಾಗುತ್ತದೆ. ತೂತು ಅಗಲವಾಗಿ ಸುತ್ತ ನಕ್ಷತ್ರದಂಥ ಬಿರುಕು ಮೂಡುತ್ತದೆ. ಪುಟ್ಟಿ ಮೆತ್ತಿದರೆ ಬಿರುಕು ಮರೆಯಾದೀತು, ಬಲ ಬಾರದು. ಗಟ್ಟಿ ಪದರ ಸಿಗುವವರೆಗೆ ಇಳಿಜಾರಾಗಿ ಉಜ್ಜಿ (ಮಾಸ್ಕ್ ಇಲ್ಲದೆ ಬೇಡ, ಆ ದೂಳು ಕೆಟ್ಟದ್ದು), ಅಸಿಟೋನ್‌ನಿಂದ ಒರೆಸಿ, ಹೊಸ ಮ್ಯಾಟ್ (ಗಾಜಿನ ನಾರಿನ ಹಾಸು) ರೆಸಿನ್‌ನಲ್ಲಿ ನೆನೆಸಿ ಪದರ ಪದರವಾಗಿ ಕಟ್ಟಬೇಕು. 450 ಗ್ರಾಂ ತೂಗುವ ಒಂದು ಚದರ ಮೀಟರ್ ಮ್ಯಾಟಿಗೆ ಸುಮಾರು 1 ಕಿಲೋ ಪಾಲಿಯೆಸ್ಟರ್ ರೆಸಿನ್, ಅದನ್ನು ಗಟ್ಟಿಯಾಗಿಸಲು 10ರಿಂದ 20 ಗ್ರಾಂ ಹಾರ್ಡನರ್. ಚಳಿಯಲ್ಲಿ ಮಾಡಿದ ಕೆಲಸ ಒಳಗೊಳಗೇ ಹಸಿಯಾಗಿ ಉಳಿಯುತ್ತದೆ. ಬೋಲ್ಟ್ ಮರಳಿ ಹಾಕುವಾಗ ಎರಡೂ ಬದಿಗೆ ಅಗಲವಾದ ಉಕ್ಕಿನ ಪಟ್ಟಿ ಇಡಿ.

ಫೈಬರ್‌ಗ್ಲಾಸ್‌ಗೆ ತುಕ್ಕಿಲ್ಲ, ನಿಜ. ಆದರೆ ವಿಂಡ್‌ಸ್ಕ್ರೀನ್ ಸುತ್ತ ಹುದುಗಿಸಿದ ಉಕ್ಕಿನ ಕೊಳವೆಗೆ ಇದೆ. ನೀರು ಇಳಿದರೆ ಅದು ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಪದರವನ್ನು ಸೀಳುತ್ತದೆ.

ವೈರಿಂಗ್‌ನಲ್ಲೂ ಚಾಸಿ ಇಲ್ಲದ್ದು ಗೊತ್ತಾಗುತ್ತದೆ. ಈ ಬಾಡಿಯಲ್ಲಿ ಕರೆಂಟ್ ಹರಿಯದು, ಆದ್ದರಿಂದ ಪ್ರತಿ ದೀಪಕ್ಕೂ ಬೇರೆ ಅರ್ತ್ ವೈರ್ (ಕರೆಂಟ್ ಬ್ಯಾಟರಿಗೆ ಮರಳುವ ತಂತಿ) ಬೇಕು. ದೀಪ ಮಂಕಾಗಿದ್ದರೆ ಬಲ್ಬ್ ಬದಲಿಸುವ ಮೊದಲು ಅರ್ತ್ ನೋಡಿ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಹಳಷ್ಟು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಅರ್ತ್‌ಗೆ ಸೇರಿರುತ್ತದೆ. ಬ್ಯಾಟರಿ ಜೋಡಿಸುವ ಮುನ್ನ ಅದನ್ನೂ ಖಚಿತಪಡಿಸಿಕೊಳ್ಳಿ.