ಬಲೂನ್ ಬೆನ್ನಿನ ಕುರ್ಚಿಗೆ ಒಂದು ದಿನ

ಬೆಳಿಗ್ಗೆ ನಮ್ಮ ರಿಪೇರಿ ಬೆಂಚಿನ ಮೇಲೇರಿದ್ದು 19ನೇ ಶತಮಾನದ ನಡುವಿನ ಇಂಗ್ಲಿಷ್ ಕುರ್ಚಿ. ಬಲೂನಿನಂತೆ ದುಂಡಗಿನ, ನಡುವೆ ಬಯಲಾದ ಬೆನ್ನು, ಬಾಗಿದ ಮುಂಗಾಲು. ಹಿಂದಕ್ಕೊರಗಿದರೆ ಕಿರ್ರೆನ್ನುತ್ತಿತ್ತು. ಈ ಜಾತಿಯ ಕುರ್ಚಿಗಳ ರೋಗ ಹೆಚ್ಚಾಗಿ ಅಲ್ಲೇ. ಒರಗಿದ ಭಾರವೆಲ್ಲ ಹಿಂಗಾಲಿಗೆ ಆಸನದ ಪಕ್ಕದ ಪಟ್ಟಿ ಸೇರುವ ಜಾಗಕ್ಕೆ ಬೀಳುತ್ತದೆ. ಅಲ್ಲಿ ಹಿಡಿದಿರುವುದು ಎರಡು ಮರದ ಗೂಟ, ಅಷ್ಟೇ.

ಮಗುಚಿದಾಗ ಕಂಡದ್ದು ಹಿಂದಿನ ರಿಪೇರಿಯ ಸ್ಕ್ರೂ. ಕಾಲು ಎಳೆಯುದ್ದಕ್ಕೆ ಸೀಳಿತ್ತು, ಸಂದಿಯೊಳಗೆ ಬಿಳಿ ಅಂಟು. ಸ್ಕ್ರೂಗಿಂತ ಕೆಟ್ಟದ್ದು ಆ ಅಂಟು. ಹಳೆಯ ಸರೇಸಿನ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ಮೇಲೆ ಹೊಸ ಬಿಸಿ ಸರೇಸು ಕರಗಿ ಕೂರುತ್ತದೆ. ಬಿಳಿ ಅಂಟಿನ ಪದರದ ಮೇಲೆ ಏನೂ ಹಿಡಿಯದು. ಕೆರೆದು ಮರ ಕಾಣಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಹಳೆಯ ಸರೇಸು ಮಾತ್ರ ಇದ್ದ ಇನ್ನೊಂದು ಬದಿ ಸಲೀಸು: ಸಿರಿಂಜಿನಲ್ಲಿ ಸ್ಪಿರಿಟ್ ಬಿಟ್ಟರೆ ಅಂಟು ಪೆಡಸಾಗುತ್ತದೆ, ರಬ್ಬರ್ ಸುತ್ತಿಗೆಯ ಮೆಲ್ಲನೆಯ ಏಟಿಗೆ ಕಳಚುತ್ತದೆ.

ಸರೇಸು 100 ಗ್ರಾಂ, ತಣ್ಣೀರು 200 ಗ್ರಾಂ, ಹಿಂದಿನ ರಾತ್ರಿಯೇ ನೆನೆದಿತ್ತು. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60 ಡಿಗ್ರಿಗೆ ಕಾಯಿಸಬೇಕು. ಕುದಿಸಿದರೆ ಶಕ್ತಿ ಹೋಯಿತೆಂದೇ ಲೆಕ್ಕ. ಕುಂಚದಿಂದ ಕಡಿಯದೆ ಧಾರೆಯಾಗಿ ಇಳಿದರೆ ಹದ. ಮರವನ್ನೂ ಬೆಚ್ಚಗೆ ಮಾಡಿಕೊಳ್ಳಬೇಕು, ಇಲ್ಲವಾದರೆ ಗೂಟ ಒಳಗಿಳಿಯುವ ಮೊದಲೇ ಅಂಟು ಲೋಳೆಗಟ್ಟುತ್ತದೆ. ಬಾಗಿದ ಕಾಲಿನ ಮೇಲೆ ಕ್ಲಾಂಪ್ ಜಾರುತ್ತದೆ. ಅದೇ ಬಾಗಿಗೆ ಮರದ ತುಂಡು ಕೊಯ್ದು, ಒಳಗೆ ಕಾರ್ಕ್ ಅಂಟಿಸಿ ಕೊಟ್ಟೆವು. ಬಿಗಿಯುವ ಮುನ್ನ ನಾಲ್ಕೂ ಕಾಲು ನೆಲ ಮುಟ್ಟಿವೆಯೇ ಎಂದು ನೋಡಿದ್ದು ಒಳ್ಳೆಯದಾಯಿತು. ಒಂದು 3 ಮಿ.ಮೀ. ಎದ್ದಿತ್ತು. ಆಮೇಲೆ 24 ಗಂಟೆ ಆ ಜೋಡಣೆಯನ್ನು ಮುಟ್ಟುವಂತಿಲ್ಲ.

ಉಳಿದದ್ದು ಪಾಲಿಶ್. ಕಣ್ಣಿಗೆ ಬೀಳದ ಕಡೆ ಸ್ಪಿರಿಟ್ ಒರೆಸಿದೆವು, ಮೇಲ್ಮೈ ಜಿಗುಟಾಯಿತು. ಅರಗಿನ ಫ್ರೆಂಚ್ ಪಾಲಿಶ್ ಎಂಬುದಕ್ಕೆ ಅದೇ ಸಾಕ್ಷಿ. (ಅಂದು ಇಂಗ್ಲೆಂಡಿಗೆ ಅರಗು ಹಡಗೇರಿ ಹೋಗುತ್ತಿದ್ದುದು ನಮ್ಮ ದೇಶದಿಂದ.) ಲೀಟರ್ ಸ್ಪಿರಿಟ್‌ಗೆ 250 ಗ್ರಾಂ ಅರಗು ಕರಗಿಸಿ, ಹತ್ತಿಯುಂಡೆಗೆ ಹಳೆಯ ಬಟ್ಟೆ ಸುತ್ತಿ, ಒಂದು ತೊಟ್ಟು ಅಗಸೆ ಎಣ್ಣೆ ಹಾಕಿ ಉಜ್ಜುವುದು. ಕೈ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಬಟ್ಟೆಯ ಅಚ್ಚು ಬೀಳುತ್ತದೆ. ಸಂಜೆ ಮಳೆ ಹಿಡಿಯಿತು. ತೇವದಲ್ಲಿ ಅರಗು ಬೆಳ್ಳಗೆ ಮಂಜುಗಟ್ಟುತ್ತದೆ, ಹಾಗಾಗಿ ಬಟ್ಟೆಯುಂಡೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆವು.