ಕಡಿಮೆ ಬೆಲೆಯ ಟ್ರೈಪಾಡ್ ಸಾಕಾ? ನನ್ನ ಕೆಲಸದ ಅನುಭವ

ವಸ್ತುಗಳ ಫೋಟೋ ಮತ್ತು ಕಟ್ಟಡಗಳ ಒಳಾಂಗಣದ ಫೋಟೋ ತೆಗೆಯುವುದು ನನ್ನ ಕೆಲಸ. ಕೆಲಸದ ಹೆಚ್ಚಿನ ಹೊತ್ತು ಕ್ಯಾಮೆರಾ ಟ್ರೈಪಾಡ್ ಮೇಲೇ ಇರುತ್ತದೆ. ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಹೆಚ್ಚು ದಿನ ಕಾಯದೆ ಕೇಳಿಬಿಡುತ್ತಾರೆ: "ಸರ್, ಸದ್ಯಕ್ಕೆ ಕಡಿಮೆ ಬೆಲೇದು ಒಂದು ಟ್ರೈಪಾಡ್ ತಗೊಂಡ್ರೆ ನಡೆಯುತ್ತಾ?"

ನಡೆಯುತ್ತದೆ. ಎಷ್ಟೋ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅದು ಎಲ್ಲಿ ಕೈ ಕೊಡುತ್ತದೆ ಅಂತ ಕೊಳ್ಳುವ ಮುಂಚೆಯೇ ಗೊತ್ತಿರಬೇಕು.

ಅಗ್ಗದ ಟ್ರೈಪಾಡ್ ಅಂದರೆ ಕ್ಯಾಮೆರಾ ಸಮೇತ ಮಗುಚಿ ಬೀಳುತ್ತದೆ ಅಂತ ಎಲ್ಲರಿಗೂ ಭಯ. ಪುಟ್ಟ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೊಂದು ಹಗುರವಾದ ಲೆನ್ಸ್ ಇದ್ದರೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ನಿಜವಾದ ತೊಂದರೆ ಶುರುವಾಗುವುದು ಕ್ಯಾಮೆರಾ ಮುಟ್ಟಿದಾಗ. ಮುಟ್ಟಿದ ಮೇಲೆ ಅದರ ನಡುಕ ನಿಲ್ಲಲು ತುಂಬಾ ಹೊತ್ತು ಬೇಕು.

ಇದನ್ನು ಕಣ್ಣಾರೆ ನೋಡುವುದೇ ಒಳ್ಳೆಯದು. ಹೊಸಬರಿಗೆ ನಾನು ಮಾಡಿ ತೋರಿಸುವುದು ಹೀಗೆ. ಒಂದು ಬಾಟಲಿಯ ಲೇಬಲ್ ಕಡೆಗೆ ಕ್ಯಾಮೆರಾ ತಿರುಗಿಸುತ್ತೇನೆ. ಸ್ಟೆಬಿಲೈಸೇಶನ್ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ನಡುಕವನ್ನು ಅದು ಮರೆಮಾಚುತ್ತದೆ. ಹಿಂದಿನ ಸ್ಕ್ರೀನಿನಲ್ಲಿ ಲೇಬಲ್ಲಿನ ಸಣ್ಣ ಅಕ್ಷರಗಳನ್ನು 10 ಪಟ್ಟು ದೊಡ್ಡದು ಮಾಡಿ, ಲೆನ್ಸಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ದಪ್ಪ ಕಾಲಿನ ಟ್ರೈಪಾಡ್ ಮೇಲೆ ಅಕ್ಷರ ಒಮ್ಮೆ ಅದುರಿ ಅಲ್ಲೇ ನಿಲ್ಲುತ್ತದೆ. ತೆಳು ಕಾಲಿನದರ ಮೇಲೆ ಅದೇ ಅಕ್ಷರ ಎಡಕ್ಕೆ ಬಲಕ್ಕೆ ತೇಲುತ್ತಲೇ ಇರುತ್ತದೆ. ನಡುವಿನ ಕಂಬವನ್ನೂ ಪೂರ್ತಿ ಮೇಲೆತ್ತಿ ಇನ್ನೊಮ್ಮೆ ತಟ್ಟಿದರೆ ಅಕ್ಷರ ಓದಲೂ ಆಗುವುದಿಲ್ಲ. ಶಟರ್ ಒತ್ತುವ ಬೆರಳೂ ಹೀಗೇ ತಟ್ಟುತ್ತದೆ, ಅಲ್ವಾ?

ಇಲ್ಲಿ ಶಟರ್ ವೇಗದ, ಅಂದರೆ ಬೆಳಕು ಒಳಗೆ ಬರಲು ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರ, ಒಂದು ಲೆಕ್ಕ ಇದೆ. 1/500 ಸೆಕೆಂಡಿಗೆ ಫೋಟೋ ತೆಗೆದರೆ ಸಣ್ಣ ನಡುಕ ಸಾಮಾನ್ಯವಾಗಿ ಫೋಟೋದಲ್ಲಿ ಕಾಣುವುದಿಲ್ಲ. 30 ಸೆಕೆಂಡಿನ ರಾತ್ರಿ ಫೋಟೋದಲ್ಲೂ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಮೊದಲ ಒಂದು ಸೆಕೆಂಡು ಅಲುಗಾಡಿದರೂ ಉಳಿದ 29 ಸೆಕೆಂಡು ಬೆಳಕು ಸ್ಥಿರವಾಗಿ ಬೀಳುತ್ತದೆ. ಪೆಟ್ಟು ಬೀಳುವುದು ಇವೆರಡರ ಮಧ್ಯೆ, ಸುಮಾರು 1/15 ಸೆಕೆಂಡಿನಿಂದ 1 ಸೆಕೆಂಡಿನವರೆಗೆ. ನಡುಕ ಇರುವಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ. ನಮ್ಮ ದುರದೃಷ್ಟಕ್ಕೆ ಒಳಾಂಗಣದ ಕೆಲಸವೆಲ್ಲ ಹೆಚ್ಚುಕಡಿಮೆ ಇದೇ ವೇಗದಲ್ಲಿ ನಡೆಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ತೆರಪು ಎಫ್/8 ಇಟ್ಟರೆ ಸಾಮಾನ್ಯ ಬೆಳಕಿನ ಕೋಣೆಯಲ್ಲಿ ಎಷ್ಟೋ ಸಲ ಅರ್ಧ ಸೆಕೆಂಡು ಬೇಕೇ ಬೇಕು.

ಹಾಗಂತ ಅಗ್ಗದ ಟ್ರೈಪಾಡ್ ಬಿಸಾಡಬೇಕಿಲ್ಲ. ಮುಟ್ಟಿದ್ದರಿಂದ ಬಂದ ನಡುಕಕ್ಕೆ ಮುಟ್ಟದೇ ಇರುವುದೇ ಮದ್ದು. 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಅಷ್ಟರಲ್ಲೂ ನಿಲ್ಲದಿದ್ದರೆ 10 ಸೆಕೆಂಡಿನದು ಹಾಕಿ. ರಿಮೋಟ್ ಇದ್ದರೆ ಇನ್ನೂ ಸಲೀಸು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರು ಕನ್ನಡಿಯನ್ನು ಮುಂಚೆಯೇ ಮೇಲೆತ್ತಿ ನಿಲ್ಲಿಸುವ ಮಿರರ್ ಲಾಕ್ ಕೂಡ ಬಳಸಬೇಕು, ಒಳಗಿನ ಕನ್ನಡಿ ಮೇಲಕ್ಕೆ ಬಡಿಯುವ ಏಟೂ ಈ ತೆಳು ಕಾಲುಗಳಿಗೆ ತಾಗುತ್ತದೆ. ಕಾಲು ಬಿಚ್ಚುವಾಗ ಮೇಲಿನ ದಪ್ಪ ಭಾಗವನ್ನು ಮೊದಲು ಎಳೆಯಿರಿ. ಕೆಳಗಿನ ತೆಳು ಕೊಳವೆಯನ್ನು ಅಗತ್ಯ ಬಿದ್ದರೆ ಮಾತ್ರ ಹೊರಗೆ ತೆಗೆಯಿರಿ. ನಡುವಿನ ಕಂಬವನ್ನು ಏರಿಸಲೇಬೇಡಿ ಎನ್ನುವುದು ನನ್ನ ಹಟ. ಅದನ್ನು ಏರಿಸಿದಾಗ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ ಆಗುತ್ತದೆ. ಗಾಳಿ ಇದ್ದಾಗ ಕೆಳಗೆ ಬ್ಯಾಗ್ ತೂಗುಹಾಕುವುದು ಒಳ್ಳೆಯದೇ, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗುತ್ತಿರಲಿ. ಗಾಳಿಯಲ್ಲಿ ತೂಗಾಡುವ ಬ್ಯಾಗು ತಾನೇ ಟ್ರೈಪಾಡನ್ನು ಅಲ್ಲಾಡಿಸುತ್ತದೆ.

ಇಷ್ಟೂ ಪಾಲಿಸಿದರೆ ಅಗ್ಗದ ಟ್ರೈಪಾಡ್ ಮೇಲೆ ತೆಗೆದ ಫೋಟೋಗೂ ದುಬಾರಿಯದರ ಮೇಲೆ ತೆಗೆದದ್ದಕ್ಕೂ ಎಷ್ಟೋ ಸಲ ವ್ಯತ್ಯಾಸ ಹುಡುಕುವುದೇ ಕಷ್ಟ. ಅರ್ಧ ಸೆಕೆಂಡಿನ ಫೋಟೋವನ್ನು ಕೈಯಲ್ಲಿ ಹಿಡಿದು ನೆಚ್ಚಿಕೊಂಡು ತೆಗೆಯಲು ಆಗುವುದಿಲ್ಲ. ದುಡ್ಡು ಕೂಡುವ ತನಕ ಟ್ರೈಪಾಡೇ ಇಲ್ಲದೆ ಕಾಯುವವರನ್ನು ಕಂಡರೆ ನನಗೆ ಬೇಜಾರು. ಆ ಹೊತ್ತಿನಲ್ಲಿ ಕಲಿಯಬಹುದಾಗಿದ್ದನ್ನೆಲ್ಲ ಅವರು ಸುಮ್ನೆ ಕಳೆದುಕೊಳ್ಳುತ್ತಾರೆ.

ಟೈಮರಿನಿಂದ ಸರಿಹೋಗದ ತೊಂದರೆಯೂ ಒಂದಿದೆ. ಅದು ಇರುವುದು ಹೆಡ್‌ನಲ್ಲಿ, ಅಂದರೆ ಕಾಲುಗಳ ಮೇಲೆ ಕ್ಯಾಮೆರಾ ಹಿಡಿದು ಬೇಕಾದ ಕಡೆ ತಿರುಗಿಸುವ ಭಾಗದಲ್ಲಿ. ಗುಂಡಿನ ಮೇಲೆ ತಿರುಗುವ ಅಗ್ಗದ ಬಾಲ್ ಹೆಡ್ ಬಿಗಿ ಮಾಡಿ ಕೈ ಬಿಟ್ಟ ಮೇಲೆ ಫ್ರೇಮು ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ. ವೈಡ್ ಲೆನ್ಸಿನಲ್ಲಿ ಗೊತ್ತೂ ಆಗುವುದಿಲ್ಲ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಅಥವಾ ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸಿನಲ್ಲಿ ಲೆಕ್ಕ ಹಾಕಿ ಇಟ್ಟ ಜೋಡಣೆಯೇ ತಪ್ಪಿಹೋಗುತ್ತದೆ.

ನಮ್ಮ ಕೆಲಸದಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದು ಕೋಣೆಯ ಫೋಟೋ ತೆಗೆಯುವಾಗ ಕಿಟಕಿಯ ಹೊರಗಿನ ಬೆಳಕಿಗೆ ಒಂದು, ಕೋಣೆಯ ಒಳಗಿನ ಬೆಳಕಿಗೆ ಇನ್ನೊಂದು ಫೋಟೋ ತೆಗೆದು ಆಮೇಲೆ ಕೂಡಿಸುತ್ತೇವೆ. ಚಿಕ್ಕ ವಸ್ತುವಾದರೆ ಫೋಕಸ್ಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಫೋಟೋ ತೆಗೆದು ಒಂದು ಮಾಡುತ್ತೇವೆ. ನಡುವೆ ಹೆಡ್ ಜಾರಿದರೆ ಕಿಟಕಿಯ ಚೌಕಟ್ಟು ಎರಡೆರಡಾಗಿ ಕಾಣುತ್ತದೆ. ಸ್ವಲ್ಪ ಜಾರಿದ್ದನ್ನು ಸಾಫ್ಟ್‌ವೇರ್ ಹೊಂದಿಸುತ್ತದೆ, ನಿಜ. ಆದರೆ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ, ಕಂಪ್ಯೂಟರ್ ಮುಂದೆ ಕೂರುವ ಹೊತ್ತೂ ಜಾಸ್ತಿ. ಇಂಥ ಕೆಲಸವೇ ಹೊಟ್ಟೆಪಾಡಾಗಿದ್ದರೆ ಅಗ್ಗದ ಹೆಡ್ ಬೇಡ.

ಅದಕ್ಕೇ ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೆಡ್ ಬಿಚ್ಚಲು ಬರುತ್ತದಾ ಅಂತ. ತೀರಾ ಅಗ್ಗದ ಟ್ರೈಪಾಡ್‌ಗಳಲ್ಲಿ ಹೆಡ್ಡನ್ನು ಕಂಬಕ್ಕೇ ಕೂಡಿಸಿಬಿಟ್ಟಿರುತ್ತಾರೆ, ಅದು ಕೆಟ್ಟರೆ ಪೂರ್ತಿ ಟ್ರೈಪಾಡೇ ಹೋದ ಹಾಗೆ. ಬಿಚ್ಚಲು ಬಂದರೆ ಒಳಗೆ ಸಾಮಾನ್ಯವಾಗಿ 3/8 ಇಂಚಿನ ಸ್ಕ್ರೂ ಇರುತ್ತದೆ. ನಾಳೆ ದುಡ್ಡು ಬಂದಾಗ ಹೆಡ್ ಒಂದನ್ನೇ ಬದಲಿಸಬಹುದು. ಕ್ಯಾಮೆರಾ ತಳಕ್ಕೆ ಹೋಗುವ 1/4 ಇಂಚಿನ ಸ್ಕ್ರೂ ಬಗ್ಗೆ ಚಿಂತೆ ಬೇಡ, ಈಗಿನ ಕ್ಯಾಮೆರಾಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಅದೇ ಅಳತೆ. ಕ್ಯಾಮೆರಾ ತಳಕ್ಕೆ ಬಿಗಿದು ಹೆಡ್‌ಗೆ ಕೂರಿಸುವ ಪ್ಲೇಟ್ ಮಾತ್ರ ನೋಡಿಕೊಳ್ಳಿ. ಆರ್ಕಾ ಸ್ವಿಸ್ ಮಾದರಿಯ ಪ್ಲೇಟ್ ಆದರೆ ಕಳೆದುಹೋದರೂ ಬೇರೆ ಕಂಪನಿಯದು ಹೆಚ್ಚಾಗಿ ಕೂರುತ್ತದೆ. ಆ ಕಂಪನಿಯದೇ ಸ್ವಂತ ಆಕಾರದ ಪ್ಲೇಟ್ ಆದರೆ ಇನ್ನೊಂದು ಸಿಗುವುದೇ ಕಷ್ಟ, ಪ್ಲೇಟ್ ಇಲ್ಲದೆ ಕ್ಯಾಮೆರಾ ಕೂರಿಸುವುದೂ ಕಷ್ಟ.

ಒಂದೇ ಬೆಲೆಗೆ 3 ಭಾಗದ ಕಾಲು, 5 ಭಾಗದ ಕಾಲು ಎರಡೂ ಸಿಕ್ಕರೆ 3 ಭಾಗದ್ದನ್ನೇ ಆರಿಸುತ್ತೇನೆ. ಭಾಗ ಹೆಚ್ಚಾದಷ್ಟೂ ಕೊನೆಯ ಕೊಳವೆ ತೆಳುವಾಗುತ್ತದೆ, ಸಡಿಲವಾಗುವ ಲಾಕ್‌ಗಳೂ ಹೆಚ್ಚುತ್ತವೆ. 3 ಭಾಗದ್ದು ಮಡಚಿದಾಗ ಉದ್ದ ಉಳಿಯುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಡಬ್ಬದ ಮೇಲೆ ಬರೆದಿರುವ "ಇಷ್ಟು ಕಿಲೋ ತಡೆಯುತ್ತದೆ" ಎಂಬ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಕಂಪನಿಗಳೂ ಒಂದೇ ರೀತಿ ಅಳೆಯುವುದಿಲ್ಲ, ಹಾಗಾಗಿ ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ವಿಡಿಯೋ ಮಾಡುವವರಿಗೆ ಒಂದು ಮಾತು. ಕ್ಯಾಮೆರಾ ಒಂದೇ ಕಡೆ ನಿಲ್ಲಿಸಿ ಮಾತಾಡಿಸುವುದಾದರೆ ಅಗ್ಗದ್ದು ಸಾಕು. ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಬೇಕು ಅಂದರೆ ಸಾಲದು. ಹಿಡಿ ಒತ್ತಿದಾಗ ಹೆಡ್ ಮೊದಲು ಅಂಟಿಕೊಂಡು ನಿಲ್ಲುತ್ತದೆ, ಆಮೇಲೆ ಜಗ್ಗನೆ ಜಿಗಿಯುತ್ತದೆ. ಆ ಜಿಗಿತವನ್ನು ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯುವುದು ಕಷ್ಟ.

ನಮ್ಮಲ್ಲಿ ಕಲಿಯುತ್ತಿರುವ ಹುಡುಗಿ ಮೊನ್ನೆ ಇದೆಲ್ಲ ಕೇಳಿ, "ಹಾಗಾದ್ರೆ ಈಗ ಅಗ್ಗದ್ದು ತಗೊಂಡು ಆಮೇಲೆ ಒಳ್ಳೇದು ತಗೊಂಡ್ರೆ ಮೊದಲಿನದು ವೇಸ್ಟ್ ಅಲ್ವಾ ಸರ್?" ಅಂದಳು. ಸ್ಟುಡಿಯೋ ಮೂಲೆಯಲ್ಲಿದ್ದ ಹಳೆಯ ತೆಳು ಕಾಲಿನ ಟ್ರೈಪಾಡ್ ತೋರಿಸಿದೆ. ಅದರ 1/4 ಇಂಚಿನ ಸ್ಕ್ರೂಗೆ ಈಗ ಪುಟ್ಟ ಎಲ್‌ಇಡಿ ಲೈಟ್ ಕೂರಿಸಿದ್ದೇವೆ. ಲೈಟ್ ಒಂಚೂರು ನಡುಗಿದರೆ ಫೋಟೋ ಹಾಳಾಗುವುದಿಲ್ಲ, ಹಾಗಾಗಿ ಅದು ದಿನಾ ಕೆಲಸಕ್ಕೆ ಬರುತ್ತಿದೆ.