ಹೊಟ್ಟೆಯ ನಡುವಿನ ಬಿರುಕು: ಹನ್ನೆರಡು ವಾರದ ಲೆಕ್ಕ

ಹೆರಿಗೆಯ ನಂತರ ಹೊಟ್ಟೆಯಲ್ಲಿ ಉಳಿದ ಬಿರುಕಿಗೆ ವ್ಯಾಯಾಮ ಶುರು ಮಾಡಿದ್ದು ಮಗಳಿಗೆ ಐದು ತಿಂಗಳಾಗಿದ್ದಾಗ. ಈಗ ಹನ್ನೆರಡು ವಾರ ಆಯ್ತು. ಬರೆದಿಟ್ಟ ನೋಟ್‌ಬುಕ್ಕಿನ ಅರ್ಧ ಪುಟಗಳ ಮೇಲೆ ರಾಗಿ ಸರಿ ಚೆಲ್ಲಿದೆ. ಓದಲು ಬಂದಷ್ಟನ್ನು ಇಲ್ಲಿ ಹಾಕುತ್ತಿದ್ದೇನೆ.

ಶುರುವಾಗಿದ್ದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಸೊಪ್ಪು ಆರಿಸುತ್ತಿದ್ದಾಗ ಪರಿಚಯದ ಆಂಟಿಯೊಬ್ಬರು ನನ್ನ ಹೊಟ್ಟೆ ನೋಡಿ, "ಏನಮ್ಮಾ, ಮತ್ತೆ ವಿಶೇಷಾನಾ?" ಅಂದರು. ಮನೆಗೆ ಬಂದು ಹಾಸಿಗೆಯಿಂದ ನೇರವಾಗಿ ಏಳಲು ಹೋದಾಗ ಹೊಟ್ಟೆಯ ಮಧ್ಯೆ ಉದ್ದಕ್ಕೆ ಒಂದು ದಿಬ್ಬ ಎದ್ದಿತು, ಕರ್ಜಿಕಾಯಿಯ ಬೆನ್ನಿನ ಹಾಗೆ. ಹೆದರಿ ಒರಗಿಬಿಟ್ಟೆ.

ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅಂತ ಹೆಸರು. ಹೊಟ್ಟೆಯ ಮುಂದೆ ಮೇಲಿನಿಂದ ಕೆಳಕ್ಕೆ ಎರಡು ಸ್ನಾಯುಗಳಿವೆ, ಅವುಗಳ ನಡುವೆ ಲಿನಿಯಾ ಆಲ್ಬಾ ಎನ್ನುವ ಗಟ್ಟಿ ಪಟ್ಟಿ ಇದೆ. ಮಗು ಬೆಳೆದಂತೆ ಆ ಪಟ್ಟಿ ಅಗಲವಾಗಿ ತೆಳ್ಳಗಾಗುತ್ತದೆ. ಏನೂ ಹರಿದಿರುವುದಿಲ್ಲ, ಜಗ್ಗಿರುತ್ತದೆ ಅಷ್ಟೇ. ಒಂಬತ್ತನೇ ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಹಲವರಿಗೆ ಹೆರಿಗೆಯಾದ ಮೊದಲ ಎರಡು ತಿಂಗಳಲ್ಲಿ ತಾನಾಗೇ ಕೂಡಿಕೊಳ್ಳುತ್ತದೆ. ನನಗೆ ಕೂಡಲಿಲ್ಲ.

ಮೊದಲ ಅಳತೆ: ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ, ಹೊಕ್ಕುಳದ ಹತ್ತಿರ ಬೆರಳು ಅಡ್ಡಡ್ಡ ಇಟ್ಟು ನೋಡಿದೆ. ಮೂರೂವರೆ ಬೆರಳು. ಸುಮಾರು ಎರಡು ಬೆರಳಿಗಿಂತ ಜಾಸ್ತಿ ಇದ್ದರೆ ಬಿರುಕು ಅನ್ನುತ್ತಾರೆ. ಮರುದಿನ ಗಂಡನ ಕೈಲಿ ಅಳೆಸಿದೆ, ಎರಡೂವರೆ! ಒಂದೇ ರಾತ್ರಿಗೆ ವಾಸಿಯಾಯ್ತು ಅಂತ ಖುಷಿಪಟ್ಟೆ. ಅವರ ಬೆರಳು ದಪ್ಪ ಅಂತ ಆಮೇಲೆ ಹೊಳೆಯಿತು.

ಒಂದರಿಂದ ಮೂರನೇ ವಾರ ದಂಡ. ಜಿಮ್ಮಿನ ಹುಡುಗನೊಬ್ಬ ದಿನಕ್ಕೆ ಐವತ್ತು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡಿ ಅಂದ, ಮಾಡಿದೆ. ಪ್ರತಿ ಸಲವೂ ದಿಬ್ಬ ಎದ್ದಿತು, ಸೊಂಟನೋವು ಬೇರೆ. ನಾಲ್ಕನೇ ವಾರ ಫಿಸಿಯೋ ಹತ್ತಿರ ಹೋದೆ. ಕ್ರಂಚಸ್ ವಿಷವೇನಲ್ಲ, ಆದರೆ ದಿಬ್ಬ ಏಳುತ್ತಿದೆ ಅಂದರೆ ಆ ಕೆಲಸಕ್ಕೆ ನಿಮ್ಮ ಹೊಟ್ಟೆ ಇನ್ನೂ ತಯಾರಾಗಿಲ್ಲ ಅಂತ ಅರ್ಥ ಅಂದರು. ಹೊಕ್ಕುಳದಲ್ಲಿ ಹರ್ನಿಯಾ ಇದೆಯಾ ಅಂತ ಸ್ಕ್ಯಾನ್ ಕೂಡ ಮಾಡಿಸಿದೆವು, ಇರಲಿಲ್ಲ. ಅಲ್ಲಿ ಗಂಟು ಉಬ್ಬಿ ನೋಯುತ್ತಿದ್ದರೆ ವ್ಯಾಯಾಮ ಮಾಡಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಅವರು ಕೊಟ್ಟ ವ್ಯಾಯಾಮ ನೋಡಿ ನಗು ಬಂತು. ಉಸಿರು ಬಿಡುತ್ತಾ, ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಮೆಲ್ಲಗೆ ಮೇಲಕ್ಕೆಳೆದು, ಕಿಬ್ಬೊಟ್ಟೆಯನ್ನು ಒಳಕ್ಕೆ ತಗೊಳ್ಳಬೇಕು. ಆಮೇಲೆ ಒಂದೊಂದೇ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಬೇಕು. ಇಷ್ಟೇ. ಇದಕ್ಕೆ ದುಡ್ಡು ಕೊಟ್ಟೆನಾ ಅನಿಸಿತು, ಆದರೆ ಹತ್ತು ಸಲ ಮಾಡುವಷ್ಟರಲ್ಲಿ ಕಾಲು ನಡುಗಿತು. ಸೀನಿದರೆ ಒಂದೆರಡು ಹನಿ ಮೂತ್ರ ಹೋಗುತ್ತೆ ಅನ್ನುವುದನ್ನು ನಾಚಿಕೆಯಿಂದ ಎರಡು ವಾರ ಮುಚ್ಚಿಟ್ಟಿದ್ದೆ. ಹೇಳಿದ ಮೇಲೆ ಆ ಕೆಳಗಿನ ಸ್ನಾಯುಗಳಿಗೇ ಬೇರೆ ವ್ಯಾಯಾಮ ಕೊಟ್ಟರು, ಮೊದಲೇ ಹೇಳಬಾರದಿತ್ತಾ ಅಂತ ಬೈದರು ಕೂಡ.

ಆದರೆ ನಿಜವಾದ ವ್ಯತ್ಯಾಸ ಕಂಡಿದ್ದು ವ್ಯಾಯಾಮದ ಹದಿನೈದು ನಿಮಿಷದಲ್ಲಲ್ಲ, ಉಳಿದ ದಿನದಲ್ಲಿ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. 20 ಲೀಟರ್ ನೀರಿನ ಕ್ಯಾನು, 14.2 ಕೆ.ಜಿ.ಯ ಗ್ಯಾಸ್ ಸಿಲಿಂಡರು, ಮಗಳು, ಎಲ್ಲವನ್ನೂ ಉಸಿರು ಬಿಗಿಹಿಡಿದೇ ಎತ್ತುತ್ತಿದ್ದೆ. ಆ ಒತ್ತಡವೆಲ್ಲ ಆ ತೆಳ್ಳಗಿನ ಪಟ್ಟಿಯ ಮೇಲೇ ಬೀಳುತ್ತಿತ್ತು. ಈಗ ಎತ್ತುವ ಮೊದಲೇ ಉಸಿರು ಬಿಡಲು ಶುರು ಮಾಡುತ್ತೇನೆ. ಏಳುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳುತ್ತೇನೆ. ಬಲ ಮಗ್ಗುಲಲ್ಲಿ ಏಳು ಅಂತ ಅಜ್ಜಿ ಬಾಯಿ ಬಡಿದುಕೊಳ್ಳುತ್ತಿದ್ದಳು, ಫಿಸಿಯೋ ಯಾವ ಮಗ್ಗುಲಾದರೂ ಸರಿ ಅನ್ನುತ್ತಾರೆ. ನಾನು ಸುಮ್ನೆ ಬಲಗಡೆಯೇ ಏಳುತ್ತೇನೆ.

ಬಾಣಂತನದಲ್ಲಿ ಅಮ್ಮ ಹಳೇ ಕಾಟನ್ ಸೀರೆಯಿಂದ ಹೊಟ್ಟೆ ಕಟ್ಟಿದ್ದಳು. ಆಗ ಹಾಯೆನಿಸಿದ್ದು ನಿಜ. ಆದರೆ ಕಟ್ಟು ಆಸರೆ ಕೊಡುತ್ತದೆಯೇ ಹೊರತು ಸ್ನಾಯುವಿನ ಕೆಲಸ ಮಾಡಿಕೊಡುವುದಿಲ್ಲ. ತುಂಬಾ ಬಿಗಿಯಾದರೆ ಒತ್ತಡ ಕೆಳಕ್ಕೆ ಹೋಗುತ್ತದೆ. ಅಮ್ಮನಿಗೆ ಇದನ್ನು ಹೇಳಿಲ್ಲ.

ಹನ್ನೆರಡನೇ ವಾರ: ನನ್ನ ಬೆರಳಿನಲ್ಲೇ ಎರಡೂ ಚಿಲ್ಲರೆ. ನಾನು ಅಂದುಕೊಂಡಷ್ಟು ಇಳಿದಿಲ್ಲ, ಬೇಜಾರಾಯ್ತು. ಆದರೆ ಮೊದಲು ಬೆರಳು ಸಡಿಲ ನವಾರಿನ ಮಂಚದಲ್ಲಿ ಕೂತ ಹಾಗೆ ಒಳಗೆ ಇಳಿಯುತ್ತಿತ್ತು. ಈಗ ಉಸಿರು ಬಿಟ್ಟು ತಲೆ ಎತ್ತಿದರೆ ನವಾರು ಬಿಗಿದ ಹಾಗೆ ತಳ ಸಿಗುತ್ತದೆ. ಅಗಲಕ್ಕಿಂತ ಈ ಬಿಗಿಯೇ ಮುಖ್ಯ, ಪೂರ್ತಿ ಮುಚ್ಚದಿದ್ದರೂ ಪರವಾಗಿಲ್ಲ ಅಂತ ಫಿಸಿಯೋ ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಸೊಂಟನೋವು ಬಹುತೇಕ ಹೋಗಿದೆ, ಸೀನು ಕೂಡ ಈಗ ಧೈರ್ಯವಾಗಿ ಬರುತ್ತದೆ.

ಸೋಮವಾರದಿಂದ ಮಂಡಿಯೂರಿ ಪಕ್ಕದ ಪ್ಲ್ಯಾಂಕ್, ಅಂದರೆ ಮಗ್ಗುಲಾಗಿ ಮೊಣಕೈಯೂರಿ ಸೊಂಟ ಎತ್ತಿ ಹಿಡಿಯುವುದು, ಹತ್ತು ಸೆಕೆಂಡು. ದಿಬ್ಬ ಎದ್ದರೆ ವಾಪಸ್ ಹಿಮ್ಮಡಿ ಜಾರಿಸುವುದಕ್ಕೆ. ನೀರಿನ ಕ್ಯಾನು ಇನ್ನು ಮೂರು ತಿಂಗಳು ಗಂಡನದೇ.